ಟ್ರಂಪೆಟ್ ಮೇಷ್ಟ್ರು ಟ್ರೋಂಬೋನ್, ಕ್ಲಾರಿನೆಟ್ ಕೂಡ ಕಲಿಸುವುದಾದರೆ ಮೊದಲ ಮೂರು ತಿಂಗಳ ಪಾಠ ಹೇಗಿರಬೇಕು?

ಕಂಚುದನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಟ್ರಂಪೆಟ್ ಖಾಸಗಿ ಪಾಠ ಹೇಳಿಕೊಡುತ್ತೇನೆ, ಒಬ್ಬೊಬ್ಬರಿಗೆ ವಾರಕ್ಕೊಮ್ಮೆ 30 ನಿಮಿಷ. ಈಗ ಟ್ರೋಂಬೋನ್ ಕಲಿಯಲು ಒಬ್ಬರು ದೊಡ್ಡವರು, ಕ್ಲಾರಿನೆಟ್ ಕಲಿಯಲು 11 ವರ್ಷದ ಒಬ್ಬ ಹುಡುಗಿ ಸೇರುತ್ತಿದ್ದಾರೆ. ಕೇಳಬೇಕಾದ್ದು ಮೂರು.

1. ಟ್ರಂಪೆಟ್ ಕಲಿಯುವ ಹುಡುಗನಿಗೆ 9 ವರ್ಷ, ಸೇರಿ ಎರಡು ತಿಂಗಳಾಗಿದೆ. ದನಿಗಿಂತ ಗಾಳಿಯ ಸದ್ದೇ ಹೆಚ್ಚು. ಮೇಲಿನ ಸ್ವರ ಬಂದರೆ ವಾದ್ಯವನ್ನು ತುಟಿಗೆ ಒತ್ತಿಕೊಳ್ಳುತ್ತಾನೆ, ಹತ್ತು ನಿಮಿಷಕ್ಕೆ ತುಟಿ ಸೋತುಹೋಗುತ್ತದೆ. ಎಲ್ಲಿಂದ ತಿದ್ದುವುದು?

2. ಬರೀ ಮೌತ್‌ಪೀಸ್ (ತುಟಿಗಿಡುವ ತುಂಡು) ಹಿಡಿದು ಬಜ್ ಮಾಡಿಸುವುದು, ಅಂದರೆ ತುಟಿ ಕಂಪಿಸಿ ದನಿ ಬರಿಸುವುದು, ಎಷ್ಟು ಹೊತ್ತು? ದಿನಾ 10 ನಿಮಿಷ ಬೇಕೇ ಬೇಕು ಅನ್ನುವವರೂ ಇದ್ದಾರೆ, ಬೇಡವೇ ಬೇಡ ಅನ್ನುವವರೂ ಇದ್ದಾರೆ.

3. ಟ್ರಂಪೆಟ್ ಪಾಠದ ಕ್ರಮವನ್ನೇ ಉಳಿದ ಎರಡು ವಾದ್ಯಗಳಿಗೂ ಬಳಸಬಹುದೆ?

ತುಟಿಯಂಚು

ಮೊದಲನೆಯದಕ್ಕೆ ಉತ್ತರ. ಹುಡುಗನಿಗಿಂತ ಮುಂಚೆ ವಾದ್ಯವನ್ನು ಪರೀಕ್ಷಿಸಿ. ಗಾಳಿ ಸದ್ದು ಅಂದ ಕೂಡಲೇ ನಾವೆಲ್ಲ ತುಟಿ ತಿದ್ದಲು ಹೊರಡುತ್ತೇವೆ, ಎಷ್ಟೋ ಸಲ ತಪ್ಪು ಕೊಳವೆಯದಾಗಿರುತ್ತದೆ. ನೀರು ಬಿಡುವ ಕೀಲಿಯ ಕಾರ್ಕ್ ಸವೆದಿದ್ದರೆ ಗಾಳಿ ಅಲ್ಲೇ ಸೋರುತ್ತದೆ. ಅವನು ಊದುತ್ತಿರುವಾಗ ಆ ಕೀಲಿಯನ್ನು ಬೆರಳಿನಿಂದ ಒತ್ತಿಹಿಡಿಯಿರಿ. ದನಿ ತಟ್ಟನೆ ಗಟ್ಟಿಯಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ತೊಳೆದು ಮತ್ತೆ ಜೋಡಿಸುವಾಗ ವಾಲ್ವ್‌ಗಳು (ಬೆರಳಿನಿಂದ ಒತ್ತುವ ಮೂರು ಗುಂಡಿಗಳ ಕೆಳಗಿನ ತುಂಡುಗಳು) ಅದಲುಬದಲಾಗಿರಬಹುದು, ಇಲ್ಲವೇ ತಿರುಗಿಸಿ ತಮ್ಮ ಜಾಗಕ್ಕೆ ಸರಿಯಾಗಿ ಕೂರಿಸದೆ ಮುಚ್ಚಳ ಬಿಗಿದಿರಬಹುದು. ಆಗ ಗಾಳಿ ಕಟ್ಟಿಕೊಳ್ಳುತ್ತದೆ, ಮಗು ಮುಖ ಕೆಂಪಾಗುವಷ್ಟು ಊದಿದರೂ ದನಿ ಬರುವುದಿಲ್ಲ. ವಾಲ್ವ್‌ಗಳ ಮೇಲೆ 1, 2, 3 ಎಂದು ಅಂಕಿ ಕೆತ್ತಿರುತ್ತದೆ, ನೋಡಿ ಹಾಕಿ. ಎರಡನೇ ವಾಲ್ವ್‌ನ ಪುಟ್ಟ ಸ್ಲೈಡನ್ನು (ಎಳೆದರೆ ಜಾರಿ ಬರುವ ಕೊಳವೆ), ವಾಲ್ವ್ ಒತ್ತದೆ, ಒಂದೇ ಸಲಕ್ಕೆ ಎಳೆಯಿರಿ. ಟಪ್ ಎಂದು ಸದ್ದು ಬಂದರೆ ಅಲ್ಲಿ ಸೋರಿಕೆ ಇಲ್ಲ.

ವಾದ್ಯ ಸರಿಯಿದ್ದರೆ ಕನ್ನಡಿ ಎದುರು ನಿಲ್ಲಿಸಿ. ‘ಮ್’ ಅನ್ನಲಿ, ತುಟಿ ಹಾಗೇ ಮುಚ್ಚಿರಲಿ, ಒಳಗೆ ಹಲ್ಲಿನ ಸಾಲುಗಳು ಮಾತ್ರ ಸ್ವಲ್ಪ ಬೇರೆಯಾಗಲಿ. ಬಾಯಿಯ ಎರಡು ಮೂಲೆ ಬಿಗಿ, ನಡುಭಾಗ ಸಡಿಲ, ಗದ್ದ ಚಪ್ಪಟೆ. ಗದ್ದದ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿ ಮೇಲೇರಿದರೆ ಕೆಳದುಟಿ ಮಡಚಿಕೊಂಡಿದೆ ಎಂದರ್ಥ. ಮೂಲೆಗಳನ್ನು ನಗುವವರ ಹಾಗೆ ಹಿಂದಕ್ಕೆ ಎಳೆದರೂ ತಪ್ಪೇ. ತುಟಿ ತೆಳುವಾಗಿ ಬೇಗ ಸೋಲುತ್ತದೆ, ದನಿ ಚೂಪಾಗುತ್ತದೆ. ಗಾಳಿ ಸದ್ದು ಬರುವುದು ಬಹುಪಾಲು ಊದುವ ಮೊದಲೇ ತುಟಿ ತೆರೆದುಕೊಂಡಿರುವುದರಿಂದ. ತೆರೆದ ತುಟಿ ಕಂಪಿಸಬೇಕಾದರೆ ರಾಶಿ ಗಾಳಿ ಬೇಕು. ಮುಚ್ಚಿದ ತುಟಿಯನ್ನು ಗಾಳಿಯೇ ತೆರೆಯಬೇಕು.

ಮೌತ್‌ಪೀಸ್ ಟ್ರಂಪೆಟ್‌ಗೆ ಮೇಲೆ ಕೆಳಗೆ ಹೆಚ್ಚುಕಡಿಮೆ ಅರ್ಧರ್ಧ ಕೂರಲಿ. ಅಡ್ಡಕ್ಕೆ ಕೂದಲೆಳೆ ಆಚೀಚೆ ಆದರೆ ಚಿಂತೆಯಿಲ್ಲ, ಅದನ್ನು ಹಲ್ಲಿನ ಸಾಲು ತೀರ್ಮಾನಿಸುತ್ತದೆ. ಆದರೆ ಅದರ ಮೇಲಂಚು ಮೇಲ್ದುಟಿಯ ಕೆಂಪು ಭಾಗದ ಮೇಲೆ ಮಾತ್ರ ಕೂರಬಾರದು. ಇದನ್ನು ಎರಡನೇ ತಿಂಗಳಲ್ಲೇ ಸರಿಸಿಬಿಡಿ, ಎರಡು ವರ್ಷವಾದ ಮೇಲೆ ಸರಿಸುವುದು ಮೊದಲಿನಿಂದ ಕಲಿತಷ್ಟೇ ಕಷ್ಟ. ಮೇಲಿನ ಮುಂದಿನ ಖಾಯಂ ಹಲ್ಲುಗಳು ಪೂರ್ತಿ ಬಂದಿವೆಯೇ ಎಂದೂ ನೋಡಿ. ಅಲ್ಲಾಡುವ ಹಲ್ಲಿದ್ದರೆ ಒತ್ತುವುದೂ ಗಾಳಿ ಸೋರುವುದೂ ಸಹಜ. ಕೆಲವು ವಾರ ಕೆಳಗಿನ ಮೂರು ಸ್ವರಗಳಲ್ಲೇ ಇರಲಿ.

ಒತ್ತುವುದಕ್ಕೆ ಮದ್ದು ಬಲಗೈಯ ಕಿರುಬೆರಳಿನಲ್ಲಿದೆ. ಮೂರನೇ ವಾಲ್ವ್‌ನ ಆಚೆ ಇರುವ ಕೊಕ್ಕೆಯಲ್ಲಿ ಆ ಬೆರಳು ಸಿಕ್ಕಿಸಿಕೊಂಡರೆ ಕೈ ತಾನಾಗಿ ವಾದ್ಯವನ್ನು ಮುಖಕ್ಕೆ ಎಳೆಯುತ್ತದೆ. ಬೆರಳನ್ನು ಕೊಕ್ಕೆಯ ಮೇಲೆ ಸುಮ್ಮನೆ ಇಡಿಸಿ. ಭಾರವೆಲ್ಲ ಎಡಗೈಗೆ. ಬಲಗೈ ಬೆರಳುಗಳು ಬಾಗಿರಲಿ, ತುದಿಯ ಮೆತ್ತನೆ ಭಾಗ ವಾಲ್ವ್ ಗುಂಡಿಯ ನಡುವೆ ಬೀಳಲಿ. ಓರೆಯಾಗಿ ಒತ್ತಿದರೆ ವಾಲ್ವ್ ಒಂದು ಕಡೆ ಸವೆದು ಅಂಟತೊಡಗುತ್ತದೆ.

ಇನ್ನು ವಿಶ್ರಾಂತಿ. ಎಷ್ಟು ಹೊತ್ತು ಊದಿದನೋ ಅಷ್ಟೇ ಹೊತ್ತು ವಾದ್ಯ ಕೆಳಗಿರಬೇಕು. ನೀವು ಒಂದು ಸಾಲು ನುಡಿಸಿ, ಅವನು ಒಂದು ಸಾಲು ನುಡಿಸಲಿ. ಮನೆಯಲ್ಲಿ 10 ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ಒಂದೇ ಪಟ್ಟಿಗೆ ಅರ್ಧ ಗಂಟೆ ಕೂರಿಸಿದರೆ ಕೊನೆಯ 20 ನಿಮಿಷ ಅವನು ಅಭ್ಯಾಸ ಮಾಡುವುದು ಒತ್ತುವುದನ್ನೇ.

ನಾಲಗೆಯ ಬಗ್ಗೆ ಒಂದು ಮಾತು, ನಮ್ಮ ಭಾಷೆಯವರಿಗೆ ಇದು ಮುಖ್ಯ. ಇಂಗ್ಲಿಷ್ ಪುಸ್ತಕಗಳಲ್ಲಿ ಸ್ವರ ಶುರುಮಾಡಲು ಹೇಳುವ ಅಕ್ಷರವನ್ನು ಕೆಲವರು ‘ತು’ ಎಂದು ಓದುತ್ತಾರೆ, ಕೆಲವರು ‘ಟು’ ಎಂದು. ಎರಡೂ ಸರಿಹೊಂದುವುದಿಲ್ಲ. ‘ತು’ ಅಂದರೆ ನಾಲಗೆ ತುದಿ ಹಲ್ಲಿಗೆ ಬಡಿಯುತ್ತದೆ, ಚಿಕ್ಕ ಮಕ್ಕಳಲ್ಲಿ ಹಲ್ಲಿನ ನಡುವೆಯೇ ತೂರಿ ತುಟಿ ಮುಟ್ಟುತ್ತದೆ. ‘ಟು’ ಅಂದರೆ ನಾಲಗೆ ಹಿಂದಕ್ಕೆ ಸುರುಳಿಯಾಗಿ ಗಾಳಿಗೆ ಅಡ್ಡ ಬರುತ್ತದೆ. ಬೇಕಾದ ಜಾಗ ಇವೆರಡರ ನಡುವೆ, ಮೇಲಿನ ಹಲ್ಲು ಒಸಡನ್ನು ಸೇರುವ ಗೆರೆ. ನಾಲಗೆಯಿಂದ ಆ ಗೆರೆಯನ್ನು ಮುಟ್ಟಿ ನೋಡಿಕೊಳ್ಳಲು ಹೇಳಿ, ಆಮೇಲೆ ಅಲ್ಲಿಂದಲೇ ಮೆತ್ತಗೆ ‘ದು’ ಅನ್ನಿಸಿ.

ಸಪಸ

ಮೇಲಿನ ಉತ್ತರ ಒಪ್ಪಿದೆ. ಬಜ್ ವಿಷಯಕ್ಕೆ ಬರುತ್ತೇನೆ.

ಪೂರ್ತಿ ವಾದ್ಯ ಊದುವಾಗ ಕೊಳವೆಯೊಳಗಿನ ಗಾಳಿಕಂಬ ಅಲೆಯನ್ನು ತುಟಿಗೆ ವಾಪಸ್ ಕಳಿಸುತ್ತದೆ, ತುಟಿಯ ಕಂಪನಕ್ಕೆ ಆಸರೆ ಕೊಡುತ್ತದೆ. ಬರೀ ಮೌತ್‌ಪೀಸ್‌ನಲ್ಲಿ ಆ ಆಸರೆ ಇಲ್ಲದೆ ತುಟಿಯೇ ಎಲ್ಲ ಹೊರಬೇಕು, ಹಾಗಾಗಿ ಮಗು ಹೆಚ್ಚು ಬಿಗಿ ಹಿಡಿಯುತ್ತದೆ. ಹತ್ತು ನಿಮಿಷ ಮಾಡಿಸಿದರೆ ಆ ಬಿಗಿಯನ್ನೇ ವಾದ್ಯಕ್ಕೂ ಹೊತ್ತುತರುತ್ತದೆ. ನನ್ನ ಮಟ್ಟಿಗೆ ಪಾಠದ ಆರಂಭದಲ್ಲಿ 1ರಿಂದ 2 ನಿಮಿಷ ಸಾಕು. ಅದೂ ಸುಮ್ಮನೆ ಜುಂಯ್ ಎನ್ನುವ ಸದ್ದಲ್ಲ. ಮೊದಲು ಬಾಯಲ್ಲಿ ಒಂದು ಸ್ವರ ಹಾಡಿ, ಅದನ್ನೇ ಮೌತ್‌ಪೀಸ್‌ನಲ್ಲಿ ಹಿಡಿಯಬೇಕು. ಆಮೇಲೆ ಅಲ್ಲಿಂದ ಕೆಳಕ್ಕೆ ಜಾರಿ ಮತ್ತೆ ಮೇಲೇರಬೇಕು, ನಡುವೆ ಎಲ್ಲೂ ತುಂಡಾಗಬಾರದು. ಚಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ಕೂಡ ಮೌತ್‌ಪೀಸ್ ಬಳಸುತ್ತಿದ್ದರು, ಆದರೆ ಶಿಷ್ಯರಿಂದ ಅದರಲ್ಲಿ ರಾಗಗಳನ್ನೇ ನುಡಿಸಿಸುತ್ತಿದ್ದರು. ಮನಸ್ಸಿನಲ್ಲಿ ದನಿ ಸ್ಪಷ್ಟವಿದ್ದು ಗಾಳಿ ಧಾರಾಳವಾಗಿ ಹರಿದರೆ ಸ್ನಾಯುಗಳು ತಮ್ಮ ಕೆಲಸ ಕಂಡುಕೊಳ್ಳುತ್ತವೆ ಎಂಬುದು ಅವರ ಪಾಠದ ಜೀವಾಳ.

ಟ್ರಂಪೆಟ್, ಟ್ರೋಂಬೋನ್‌ನಂಥ ಬ್ರಾಸ್ (ಹಿತ್ತಾಳೆ) ವಾದ್ಯದಲ್ಲಿ ಕಿವಿಗೆ ಮೊದಲ ಸ್ಥಾನ ಯಾಕೆಂದರೆ ಬೆರಳು ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಟ್ರಂಪೆಟ್‌ನಲ್ಲಿ ಒಂದೂ ವಾಲ್ವ್ ಒತ್ತದೆ ಊದಿದರೆ ಸಿ, ಜಿ, ಮೇಲಿನ ಸಿ, ಇ, ಜಿ ಬರುತ್ತವೆ. ನಮ್ಮ ಲೆಕ್ಕದಲ್ಲಿ ಸ, ಪ, ತಾರ ಸ, ಗ, ಪ. ಇವುಗಳಲ್ಲಿ ಯಾವುದು ಬರಬೇಕು ಎಂದು ಹೇಳುವುದು ತುಟಿ, ತುಟಿಗೆ ಹೇಳುವುದು ಕಿವಿ. ಅದಕ್ಕೇ ಹಾಡದೆ ಊದಬಾರದು ಎಂಬ ನಿಯಮವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಪ ಹಾಡಿ, ಪ ಊದಿ. ಸ ಹಾಡಿ, ಸ ಊದಿ. ಆಮೇಲೆ ಪ ಊದುತ್ತಾ ನಾಲಗೆ ಸೋಕಿಸದೆ ಸ ಕ್ಕೆ ಇಳಿಯಲಿ. ಇಳಿಯುವುದೇ ಮೊದಲು, ಏರುವುದು ಆಮೇಲೆ, ಇಳಿಯುವಾಗ ಒತ್ತುವ ಆಸೆ ಬರುವುದಿಲ್ಲ. ಏರುವಾಗ ಬಾಯೊಳಗೆ ‘ಆ’ ಯಿಂದ ‘ಈ’ ಗೆ ಹೋದ ಹಾಗೆ ನಾಲಗೆಯ ಬೆನ್ನು ಏರಲಿ, ಗಾಳಿ ವೇಗ ಪಡೆಯಲಿ. ಹುಬ್ಬು ಏರುವುದು, ಭುಜ ಏರುವುದು ಬೇಡ.

ಮೊದಲ ದಿನ ಮಗುವಿಗೆ ಜಿ ಬಂದರೆ ಜಿ ಯಿಂದ, ಕೆಳಗಿನ ಸಿ ಬಂದರೆ ಸಿ ಯಿಂದ ಶುರುಮಾಡಿ. ತಾನಾಗಿ ಬಂದ ಸ್ವರವೇ ಆ ಮಗುವಿನ ಮನೆ. ಮೂರು ತಿಂಗಳಿಗೆ ಸಿ ಯಿಂದ ಜಿ ವರೆಗಿನ ಐದು ಸ್ವರ ತುಂಬಿದ ದನಿಯಲ್ಲಿ ಬಂದರೆ ಅದು ಒಳ್ಳೆಯ ಪ್ರಗತಿ. ಮೆಟ್ರೊನೋಮ್ 60ಕ್ಕಿಟ್ಟು ನಾಲ್ಕು ಎಣಿಕೆ ಉಸಿರೆಳೆದು, ತಡೆಹಿಡಿಯದೆ, ಎಂಟು ಎಣಿಕೆ ಒಂದು ಸ್ವರ. ಉಸಿರೆಳೆದ ಮೇಲೆ ಒಂದು ಕ್ಷಣ ಗಂಟಲು ಮುಚ್ಚಿ ತಡೆದರೆ ಸ್ವರ ಯಾವಾಗಲೂ ಢಪ್ ಎಂದು ಒಡೆದುಕೊಂಡೇ ಶುರುವಾಗುತ್ತದೆ.

ಸ್ಲೈಡ್‌ಹಿಡಿ

ಟ್ರೋಂಬೋನ್ ಬಗ್ಗೆ. ಉಸಿರು, ಕಿವಿ, ತುಟಿಯ ಪಾಠ ಅದೇ. ಕೈಯ ಪಾಠ ಪೂರ್ತಿ ಬೇರೆ.

ಭಾರ ಹೊರುವುದು ಎಡಗೈ ಒಂದೇ. ಬಲಗೈ ಹೆಬ್ಬೆರಳು ಮತ್ತು ಮೊದಲ ಎರಡು ಬೆರಳುಗಳ ತುದಿಯಲ್ಲಿ ಸ್ಲೈಡ್ ಹಿಡಿಯಬೇಕು, ಮುಷ್ಟಿ ಕಟ್ಟಬಾರದು. ಬಲಗೈಯೂ ಭಾರ ಹೊತ್ತರೆ ಪ್ರತಿ ಚಲನೆಗೂ ಮೌತ್‌ಪೀಸ್ ತುಟಿಯ ಮೇಲೆ ಕುಣಿಯುತ್ತದೆ. ಪರೀಕ್ಷೆ ಸುಲಭ: ಸ್ಲೈಡ್ ಲಾಕ್ ಹಾಕಿ ಒಂದು ಸ್ವರ ಹಿಡಿದಿರುವಾಗ ಬಲಗೈ ಬಿಡಿಸಿ. ದನಿ ಅಲುಗಿದರೆ ಎಡಗೈ ಕೆಲಸ ಮಾಡುತ್ತಿಲ್ಲ.

ಸ್ಲೈಡ್ ನಿಲ್ಲುವ ಏಳು ಜಾಗಗಳ, ಅಂದರೆ ಪೊಸಿಷನ್‌ಗಳ, ಅಂತರ ಒಂದೇ ಸಮ ಇರುವುದಿಲ್ಲ. ಒಂದರಿಂದ ಎರಡಕ್ಕೆ ಸುಮಾರು 8 ಸೆಂಟಿಮೀಟರ್, ಆರರಿಂದ ಏಳಕ್ಕೆ ಹತ್ತಿರ ಹತ್ತಿರ 11. ಕೊಳವೆ ಉದ್ದವಾದಷ್ಟೂ ಅರ್ಧಸ್ವರಕ್ಕೆ ಹೆಚ್ಚು ಉದ್ದ ಬೇಕು. ಹೊಸಬರು ಸಮ ಅಂತರದಲ್ಲಿ ಕೈ ಚಾಚಿ ದೂರದ ಸ್ವರಗಳನ್ನೆಲ್ಲ ಏರು ಶ್ರುತಿಯಲ್ಲಿ ನುಡಿಸುತ್ತಾರೆ. ಮೂರನೆಯದು ಬೆಲ್ (ವಾದ್ಯದ ಅಗಲ ಬಾಯಿ) ಅಂಚಿಗಿಂತ ತುಸು ಒಳಗೆ, ನಾಲ್ಕನೆಯದು ತುಸು ಹೊರಗೆ ಎಂದು ಗುರುತು ಹೇಳಿ, ಆದರೆ ಗುರುತಿಗೆ ಅಂಟಿಸಬೇಡಿ, ಶ್ರುತಿಗೆ ಕಿವಿಗೊಡಲಿ. ಮೊದಲ ಐದು ಸ್ವರ ಬಿ ಫ್ಲಾಟ್, ಸಿ, ಡಿ, ಇ ಫ್ಲಾಟ್, ಎಫ್. ಪೊಸಿಷನ್ 1, 6, 4, 3, 1. ನೋಡಿ, ಎರಡನೇ ಸ್ವರಕ್ಕೇ ಆರನೇ ಪೊಸಿಷನ್ ಬೇಕು. ನಿಮ್ಮ ವಿದ್ಯಾರ್ಥಿ ದೊಡ್ಡವರಾದ್ದರಿಂದ ಕೈ ಎಟುಕುತ್ತದೆ, ಚಿಕ್ಕವರಿಗೆ ಎಟುಕದೆ ಭುಜ ತಿರುಚುತ್ತಾರೆ.

ಟ್ರಂಪೆಟ್‌ನವರು ಎಡವುವುದು ಲೆಗಾಟೊದಲ್ಲಿ, ಅಂದರೆ ಸ್ವರಗಳನ್ನು ತುಂಡಾಗದಂತೆ ಬೆಸೆಯುವುದರಲ್ಲಿ. ವಾಲ್ವ್ ವಾದ್ಯದಲ್ಲಿ ನಾಲಗೆ ಸೋಕಿಸದೆ ಸ್ವರ ಬದಲಿಸಿದರೆ ಸ್ವಚ್ಛವಾಗಿ ಬರುತ್ತದೆ, ಟ್ರೋಂಬೋನ್‌ನಲ್ಲಿ ನಡುವಿನ ಎಲ್ಲ ದನಿಗಳೂ ಜಾರಿಕೊಂಡು ಬರುತ್ತವೆ. ಆದ್ದರಿಂದ ಸ್ಲೈಡ್ ಜರುಗುವ ಆ ಕ್ಷಣಕ್ಕೆ ತೀರಾ ಮೆತ್ತನೆ ‘ದು’. ಕೈ ತಡಮಾಡಿ, ಚುರುಕಾಗಿ ಚಲಿಸಲಿ. ಗಾಳಿ ಮಾತ್ರ ಎಲ್ಲೂ ನಿಲ್ಲಬಾರದು.

ಮೌತ್‌ಪೀಸ್ ಕೊಳ್ಳಿಸುವ ಮುಂಚೆ ಅದರ ಬಾಲದ ಗಾತ್ರ ನೋಡಿ. ಸಣ್ಣದು, ದೊಡ್ಡದು ಎಂದು ಎರಡು ಬಗೆ ಹೆಚ್ಚು ಸಿಗುತ್ತವೆ. ದೊಡ್ಡದು ಸಣ್ಣ ರಂಧ್ರಕ್ಕೆ ಇಳಿಯುವುದಿಲ್ಲ, ಸಣ್ಣದು ದೊಡ್ಡದರಲ್ಲಿ ಲೊಡಲೊಡ ಅಲ್ಲಾಡುತ್ತದೆ. ಆರಂಭಕ್ಕೆ 6½ಎಎಲ್ ಅಳತೆ ಅನುಕೂಲ, ಟ್ರಂಪೆಟ್‌ಗೆ 7ಸಿ ಇದ್ದ ಹಾಗೆ. ವಾದ್ಯ ಎತ್ತುವ ಮುಂಚೆ ಸ್ಲೈಡ್ ಲಾಕ್ ಹಾಕಿದೆಯೇ ಎಂದು ನೋಡುವುದು ಮೊದಲ ದಿನದ ಪಾಠ. ಹೊರಸ್ಲೈಡ್ ಜಾರಿ ನೆಲಕ್ಕೆ ಬಿದ್ದು ಕೂದಲೆಳೆಯಷ್ಟು ಬಾಗಿದರೂ ಸಾಕು, ಅದು ಮತ್ತೆ ಸಲೀಸಾಗಿ ಓಡುವುದಿಲ್ಲ.

ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಗಿಸಬೇಡಿ, ಮುಂದಿನ ಕೊಳವೆಯೇ ತಿರುಚಿಕೊಳ್ಳುತ್ತದೆ. ಅದಕ್ಕೆಂದೇ ಇರುವ ಪುಲ್ಲರ್ ಒಂದನ್ನು ಪಾಠದ ಕೋಣೆಯಲ್ಲಿಟ್ಟುಕೊಳ್ಳಿ.

ರೀಡ್‌ಪೆಟ್ಟಿಗೆ

ಮೂರನೇ ಪ್ರಶ್ನೆಗೆ ನೇರ ಉತ್ತರ: ಕ್ಲಾರಿನೆಟ್‌ಗೆ ಟ್ರಂಪೆಟ್ ಪಾಠ ಹೊಂದುವುದಿಲ್ಲ. ಇಲ್ಲಿ ಕಂಪಿಸುವುದು ಮೌತ್‌ಪೀಸ್‌ಗೆ ಕಟ್ಟಿದ ತೆಳು ಪಟ್ಟಿ, ಅಂದರೆ ರೀಡ್, ತುಟಿ ಬರೀ ಮೆತ್ತೆ. ಬೆರಳಿಟ್ಟ ಜಾಗವೇ ಸ್ವರವನ್ನು ಹೆಚ್ಚುಕಡಿಮೆ ನಿರ್ಧರಿಸುತ್ತದೆ. ಹಾಗಾಗಿ ಕಿವಿಗಿಂತ ಮುಂಚೆ ಬೆರಳಿನ ಮುಚ್ಚಿಗೆ ಕಲಿಸಬೇಕು. ನಾಲಗೆ ತಾಗುವುದೂ ಒಸಡಿಗಲ್ಲ, ರೀಡಿನ ತುದಿಗೆ. ಟ್ರಂಪೆಟ್ ಮೇಷ್ಟ್ರು ಇದೊಂದನ್ನು ಮರೆತರೆ ಹುಡುಗಿ ವರ್ಷಗಟ್ಟಲೆ ಗಂಟಲಿನಿಂದ ಸ್ವರ ತುಂಡರಿಸುತ್ತಾಳೆ.

ಮೊದಲ ಪಾಠದಲ್ಲಿ ಪೂರ್ತಿ ವಾದ್ಯ ಜೋಡಿಸಬೇಡಿ. ಮೌತ್‌ಪೀಸ್ ಮತ್ತು ಬ್ಯಾರಲ್ (ಅದರ ಕೆಳಗಿನ ಗಿಡ್ಡ ತುಂಡು) ಮಾತ್ರ ಸೇರಿಸಿ ಊದಿಸಿ, ಟ್ಯೂನರ್ ಎದುರಿಗಿರಲಿ. ಎಫ್ ಶಾರ್ಪ್ ತೋರಿಸಬೇಕು. ಅದಕ್ಕಿಂತ ಕೆಳಗಿದ್ದರೆ ತುಟಿ ಸಡಿಲ, ಮೇಲಿದ್ದರೆ ಕಚ್ಚುತ್ತಿದ್ದಾಳೆ. ಇಷ್ಟು ನಿಖರವಾದ ಅಳತೆಗೋಲು ಬೇರೆ ವಾದ್ಯದವರಿಗೆ ಸಿಗುವುದು ಕಷ್ಟ, ಉಪಯೋಗಿಸಿಕೊಳ್ಳಿ. ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ, ತುದಿಯಿಂದ ಸುಮಾರು 1 ಸೆಂಟಿಮೀಟರ್ ಒಳಗೆ. ಕೆಳದುಟಿ ಕೆಳಹಲ್ಲಿನ ಮೇಲೆ ತುಸು ಮಡಚಿರಲಿ.

ರೀಡಿನ ಗಡಸು 2 ಅಥವಾ 2½. ಒಂದು ನಿಮಿಷ ಬಾಯಲ್ಲಿಟ್ಟು ನೆನೆಸಿ, ಮೌತ್‌ಪೀಸ್‌ನ ತುದಿ ರೀಡಿನ ಹಿಂದೆ ಕೂದಲೆಳೆಯಷ್ಟು ಕಪ್ಪಗೆ ಕಾಣುವ ಹಾಗೆ ಕೂರಿಸಿ. ಲಿಗೇಚರ್ (ರೀಡ್ ಹಿಡಿದಿಡುವ ಪಟ್ಟಿ) ತಿರುಪು ರೀಡ್ ಜಾರದಷ್ಟು ಬಿಗಿಯಾಗಿದ್ದರೆ ಸಾಕು. ಮೊದಲ ಸ್ವರಗಳು ಎಡಗೈಯಲ್ಲೇ ಸಿಗುತ್ತವೆ: ಹೆಬ್ಬೆರಳು ಮತ್ತು ತೋರುಬೆರಳು ಮುಚ್ಚಿದರೆ ಇ, ನಡುಬೆರಳು ಸೇರಿದರೆ ಡಿ, ಉಂಗುರಬೆರಳೂ ಸೇರಿದರೆ ಸಿ. ಹೆಬ್ಬೆರಳೊಂದೇ ಇದ್ದರೆ ಎಫ್, ಎಲ್ಲ ಬಿಟ್ಟರೆ ಜಿ. ಕೀಂಚ್ ಎಂದು ಕಿರುಚಿದರೆ ಮೊದಲು ಉಂಗುರಬೆರಳು ನೋಡಿ, ರಂಧ್ರದ ಅಂಚು ಬಿಟ್ಟುಕೊಂಡಿರುತ್ತದೆ. ಬೆರಳೆತ್ತಿಸಿ ತುದಿಯಲ್ಲಿ ಮೂಡಿದ ಗುಂಡನೆ ಗುರುತು ಪೂರ್ತಿ ವೃತ್ತವಾಗಿದೆಯೇ ಎಂದು ತೋರಿಸಿ. ಅರ್ಧಚಂದ್ರ ಮೂಡಿದ್ದರೆ ತಪ್ಪು ಅವಳಿಗೇ ಕಾಣುತ್ತದೆ, ನೀವು ಹೇಳಬೇಕಾಗಿಯೇ ಇಲ್ಲ.

ಜೋಡಿಸುವಾಗ ಮೇಲಿನ ಭಾಗದ ಉಂಗುರಗಳನ್ನು ಒತ್ತಿ ಹಿಡಿದು ಬ್ರಿಜ್ ಕೀಲಿಯನ್ನು (ಎರಡು ಭಾಗಗಳನ್ನು ಬೆಸೆಯುವ ಕೀಲಿ) ಎತ್ತಿಕೊಂಡೇ ಕೆಳಭಾಗ ತಿರುಗಿಸಬೇಕು, ಇಲ್ಲವಾದರೆ ಅದು ಬಾಗುತ್ತದೆ. ನುಡಿಸಿದ ಮೇಲೆ ಒಳಗಿನ ತೇವವನ್ನು ಬಟ್ಟೆ ಎಳೆದು ಒರೆಸಿ, ರೀಡ್ ಬಿಚ್ಚಿ ಚಪ್ಪಟೆ ಡಬ್ಬಿಯಲ್ಲಿಡಲಿ. ಬಲ ಹೆಬ್ಬೆರಳು ನೋವು ಎಂದರೆ ಉದಾಸೀನ ಬೇಡ, 11 ವರ್ಷದ ಕೈಗೆ ಕ್ಲಾರಿನೆಟ್ ಭಾರವೇ. ಕೊರಳಪಟ್ಟಿ ಹಾಕಿಸಿ.

ಕಂಚುದನಿ

ಎಲ್ಲರಿಗೂ ತುಂಬಾ ಧನ್ಯವಾದ. ಕಾರ್ಕ್ ಮೇಲೆ ಬೆರಳಿಟ್ಟು ನೋಡಿದೆ, ಸೋರಿಕೆ ಅಲ್ಲೇ ಇತ್ತು. ಬದಲಿಸಿದ ಮೇಲೆ ಅರ್ಧ ಗಾಳಿಸದ್ದು ಹೋಗಿದೆ, ಉಳಿದರ್ಧಕ್ಕೆ ಕನ್ನಡಿ. ಇನ್ನೆರಡು ಪ್ರಶ್ನೆ: ಟ್ರಂಪೆಟ್‌ನ ಕೆಳಗಿನ ಡಿ ಮತ್ತು ಸಿ ಶಾರ್ಪ್ ಯಾವಾಗಲೂ ಏರು ಶ್ರುತಿಯಲ್ಲಿ ಬರುತ್ತವೆ, ತುಟಿಯಿಂದ ತಗ್ಗಿಸಲು ಹೇಳಬಹುದೆ? ತಿಂಗಳಿಗೊಮ್ಮೆ ಮೂವರನ್ನೂ ಒಟ್ಟಿಗೆ ಕೂರಿಸಿದರೆ ಏನು ನುಡಿಸಬಹುದು?

ಸಪಸ

ತುಟಿಯಿಂದ ತಗ್ಗಿಸಬೇಡಿ, ದನಿ ಮಂಕಾಗುತ್ತದೆ. ಕಾರಣ ಲೆಕ್ಕದಲ್ಲಿದೆ. ಒಂದೊಂದು ವಾಲ್ವ್ ತನ್ನಷ್ಟಕ್ಕೆ ತಾನು ಸರಿಯಾಗಿ ಬರುವ ಹಾಗೆ ಕೊಳವೆ ಕತ್ತರಿಸಿದರೆ, ಎರಡು ಮೂರು ಸೇರಿ ಒತ್ತಿದಾಗ ಒಟ್ಟು ಉದ್ದ ಸಾಲುವುದಿಲ್ಲ. 1-3 ಒತ್ತಿದಾಗ ಸುಮಾರು 30 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್), 1-2-3 ಒತ್ತಿದಾಗ ಸುಮಾರು 50 ಸೆಂಟ್ ಏರುತ್ತದೆ. ತಯಾರಕರು ಮೂರನೇ ಕೊಳವೆಯನ್ನು ತುಸು ಉದ್ದ ಮಾಡಿ ಇದನ್ನು ಕಡಿಮೆ ಮಾಡಿರುತ್ತಾರೆ, ಪೂರ್ತಿ ಹೋಗುವುದಿಲ್ಲ. ಮೂರನೇ ಸ್ಲೈಡಿನ ಉಂಗುರದಲ್ಲಿ ಎಡಗೈ ಬೆರಳಿರುವುದು ಅದಕ್ಕೇ. ಡಿ ಗೆ ಸುಮಾರು 1 ಸೆಂಟಿಮೀಟರ್ ಹೊರಕ್ಕೆ, ಸಿ ಶಾರ್ಪ್‌ಗೆ ಅದರ ಎರಡು ಪಟ್ಟು. ವಾದ್ಯದಿಂದ ವಾದ್ಯಕ್ಕೆ ಬೇರೆಯಾಗುತ್ತದೆ, ಟ್ಯೂನರ್ ಇಟ್ಟು ಅವನದೇ ಅಳತೆ ಕಂಡುಕೊಳ್ಳಿ. ಸ್ಲೈಡ್ ಬಿಗಿಯಾಗಿದ್ದರೆ ಇದೊಂದೂ ಆಗದು. 9 ವರ್ಷದ ಬೆರಳಿಗೆ ಉಂಗುರ ಎಟುಕದಿದ್ದರೆ ಈ ವರ್ಷ ಬಿಟ್ಟುಬಿಡಿ.

ಒಟ್ಟಿಗೆ ನುಡಿಸಲು ನಿಮ್ಮ ಮೂವರದು ಅದೃಷ್ಟದ ಜೋಡಿ. ಟ್ರಂಪೆಟ್, ಕ್ಲಾರಿನೆಟ್ ಎರಡೂ ಬಿ ಫ್ಲಾಟ್ ವಾದ್ಯಗಳು, ಹಾಳೆಯಲ್ಲಿ ಸಿ ಎಂದು ಬರೆದದ್ದು ಕಿವಿಗೆ ಬಿ ಫ್ಲಾಟ್ ಆಗಿ ಕೇಳುತ್ತದೆ. ಟ್ರೋಂಬೋನ್ ಬರೆದಂತೆಯೇ ಕೇಳುತ್ತದೆ. ಆದ್ದರಿಂದ ಮೊದಲ ಇಬ್ಬರಿಗೆ ಸಿ, ಡಿ, ಇ, ಎಫ್, ಜಿ ಎಂದು ಬರೆದುಕೊಡಿ, ಟ್ರೋಂಬೋನ್‌ಗೆ ಬಾಸ್ ಕ್ಲೆಫ್‌ನಲ್ಲಿ (ತಗ್ಗು ಸ್ವರಗಳ ಬರವಣಿಗೆಯ ಗುರುತು) ಬಿ ಫ್ಲಾಟ್, ಸಿ, ಡಿ, ಇ ಫ್ಲಾಟ್, ಎಫ್. ಮೂವರಿಗೂ ಅದೇ ಸ ರಿ ಗ ಮ ಪ, ಟ್ರೋಂಬೋನ್ ಒಂದು ಸ್ಥಾಯಿ ಕೆಳಗೆ. ಮೇಲೆ ಹೇಳಿದ ಮೊದಲ ಐದು ಸ್ವರಗಳೇ ಇವು, ಹೊಸದೇನೂ ಕಲಿಸಬೇಕಿಲ್ಲ. ಮೊದಲು ಮೂವರೂ ಸೇರಿ ಹಾಡಲಿ. ಆಮೇಲೆ ಟ್ರೋಂಬೋನ್ ಸ ಹಿಡಿದು ನಿಲ್ಲಲಿ, ಉಳಿದಿಬ್ಬರು ಅದರ ಮೇಲೆ ಒಂದೊಂದೇ ಸ್ವರ ಏರಲಿ. ಕ್ಲಾರಿನೆಟ್‌ನ ಆ ಸ್ವರಗಳು, ಅದರಲ್ಲೂ ಬೆರಳೆಲ್ಲ ಬಿಟ್ಟ ಜಿ, ದನಿಯಲ್ಲಿ ತೆಳು. ಹುಡುಗಿಯ ದನಿ ಕೇಳದಿದ್ದರೆ ಅವಳಿಗೆ ಜೋರಾಗಿ ಊದಲು ಹೇಳಬೇಡಿ, ಕಚ್ಚತೊಡಗುತ್ತಾಳೆ. ಟ್ರಂಪೆಟ್ ಹುಡುಗನನ್ನು ಅವಳ ಹಿಂದೆ ಕೂರಿಸಿ, ಬೆಲ್ ಅನ್ನು ಸ್ಟ್ಯಾಂಡಿನ ಹಾಳೆಯ ಕಡೆಗೆ ಇಳಿಸಲು ಹೇಳಿ.